ರೇಸಿಗೆ ಇಳಿದ ಹುಲ್ಲಿನ ಯಂತ್ರ

ಕೆಟ್ಟು ಮೂಲೆ ಸೇರಿದ ಯಂತ್ರವನ್ನು ಕಂಡರೆ ಬುದ್ಧಿವಂತರು ನೋಡಿಯೂ ನೋಡದಂತೆ ದಾಟಿಹೋಗುತ್ತಾರೆ. ನಮ್ಮ ವಂಶದವರು ಮಾತ್ರ ನಿಂತು, ಅದರ ಬೆನ್ನು ಸವರಿ, "ಅಂಥಾದ್ದೇನೂ ಆಗಿಲ್ಲ ಇದಕ್ಕೆ" ಎನ್ನುತ್ತಾರೆ. ಮೈಸೂರಿನಲ್ಲಿ ನಮ್ಮ ದೊಡ್ಡಪ್ಪನವರು ಹೀಗೆಂದೇ ತಂದ ಸ್ಕೂಟರು ಕೊನೆಯವರೆಗೂ ಹಜಾರದಲ್ಲೇ ನಿಂತಿತ್ತು; ಮಳೆಗಾಲದಲ್ಲಿ ಪಂಚೆ ಒಣಹಾಕಲು ಬಹಳ ಅನುಕೂಲವಾಗಿತ್ತು. ಆ ರಕ್ತ ನನ್ನಲ್ಲೂ ಹರಿಯುತ್ತಿದೆ ಎಂಬುದು ನಾನು ನೆದರ್ಲೆಂಡ್ಸಿನ ಬೆಸ್ಟ್ ಎಂಬ ಊರು ಸೇರಿ, ಕಂಪ್ಯೂಟರಿನ ಮುಂದೆ ಕೂತು ಅನ್ನ ಸಂಪಾದಿಸುವ ಕಾಲದಲ್ಲಿ ಬಯಲಾಯಿತು. ಪಕ್ಕದ ಮನೆಯ ಹೆಂಕ್ ಊರಾಚೆ ಇದ್ದ ತಮ್ಮ ಹುಲ್ಲುಗಾವಲನ್ನು ಮಾರಿ, ಮೇಲೆ ಕೂತು ಓಡಿಸುವ ಹಳೆಯ ಹುಲ್ಲು ಕತ್ತರಿಸುವ ಯಂತ್ರವನ್ನು ಗುಜರಿಗೆ ಕಳಿಸಲು ಹೊರಟಿದ್ದರು. ನಾನು ಹೋಗಿ ಅದರ ಬೆನ್ನು ಸವರಿದೆ.

ನಮ್ಮ ಹಿತ್ತಿಲಿನ ಹುಲ್ಲುಹಾಸಿನ ವಿಸ್ತಾರ ಎಷ್ಟೆಂದರೆ, ಈ ಯಂತ್ರವನ್ನು ಅದರ ಮೇಲೆ ನಿಲ್ಲಿಸಿದರೆ ಕತ್ತರಿಸಲು ಹುಲ್ಲೇ ಉಳಿಯುವುದಿಲ್ಲ. ನನ್ನ ಹೆಂಡತಿ ಶೈಲಾ ಬಾಗಿಲಲ್ಲಿ ನಿಂತು, "ಇದು ಯಾಕ್ರೀ ನಮಗೆ?" ಎಂದಳು. "ರೇಸಿಗೆ" ಎಂದೆ. ತಮಾಷೆಯಲ್ಲ. ಬೇಸಿಗೆಯಲ್ಲಿ ಹತ್ತಿರದ ಹಳ್ಳಿಯೊಂದರ ಹೊಲದಲ್ಲಿ ಇಂಥ ಯಂತ್ರಗಳ ಓಟ ನಡೆಸುತ್ತಾರೆಂದು ಹೆಂಕ್ ಹೇಳಿದ್ದರು. ಬ್ಲೇಡು ಬಿಚ್ಚಿಡಬೇಕು ಎಂಬುದೊಂದೇ ಕಟ್ಟುನಿಟ್ಟಿನ ನಿಯಮವಂತೆ. ಶೈಲಾ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಹೋದಳು. ಆ ನೋಟಕ್ಕೇ ನಾನು ಎಚ್ಚರವಾಗಬೇಕಿತ್ತು.

ಸಹಾಯಕ್ಕೆ ಬಂದವನು ನನ್ನ ಸಹೋದ್ಯೋಗಿ, ಹುಬ್ಬಳ್ಳಿಯ ಬಸವರಾಜ. ಬಾನೆಟ್ ಎತ್ತಿದವನೇ, "ಏನಪಾ, ಇಲಿ ಇದರೊಳಗ ಸಂಸಾರ ಹೂಡೇದಲ್ಲೋ! ರಿಪೇರಿ ಮಾಡೂದು ಬಿಟ್ಟು ಬಾಡಿಗಿ ಕೇಳು" ಎಂದ. ಇಲಿಗೂಡು ತೆಗೆದೆವು. ಕಾರ್ಬೊರೇಟರಿನಲ್ಲಿ ಹಳೆಯ ಪೆಟ್ರೋಲು ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೊಳೆದೆವು. ವೇಗಕ್ಕೆಂದು ಎಂಜಿನ್ನಿನ ಸಣ್ಣ ಪುಲ್ಲಿ ತೆಗೆದು ದೊಡ್ಡದು ಹಾಕಿ, ಹೊಸ ಬೆಲ್ಟು ಬಿಗಿದೆವು. ಇಷ್ಟರಲ್ಲಿ ಬಿಚ್ಚಿದ ನಟ್ಟು ಬೋಲ್ಟುಗಳು ಒಂದಕ್ಕೊಂದು ಬೆರೆಯದಂತೆ ಇಡುವುದು ಹೇಗೆಂಬ ಪ್ರಶ್ನೆ ಬಂತು. ಗುಳಿಗೊಂದು ಜಾತಿಯಂತೆ ಜೋಡಿಸಿಡಲು ಇಡ್ಲಿ ತಟ್ಟೆಗಿಂತ ಒಳ್ಳೆಯ ಸಾಧನವನ್ನು ಮನುಷ್ಯ ಇನ್ನೂ ಕಂಡುಹಿಡಿದಿಲ್ಲ. ಇದನ್ನು ನಾನು ಶೈಲಾಗೆ ವಿವರಿಸುತ್ತಿರುವಾಗಲೇ ಅವಳು ಪೆಟ್ರೋಲು ನಾರುವ ತಟ್ಟೆಯನ್ನು ಮೂಗಿಗೆ ಹಿಡಿದಿದ್ದಳು.

"ನೋಡಿ, ಒಂದೇ ಒಂದು ರೇಸು" ಎಂದಳು. "ಪೂರ್ತಿ ಓಡಿಸಿ ಗೆರೆ ದಾಟಿದ್ರೆ ಅದು ಶೆಡ್ಡಲ್ಲಿರಲಿ. ಕೊನೇಲಿ ಬಂದ್ರೂ ಚಿಂತೆಯಿಲ್ಲ. ದಾಟದಿದ್ರೆ ಸೋಮವಾರ ಗುಜರಿಗೆ."

"ಆತ್ರೀ ಅಕ್ಕಾ" ಎಂದು ನನ್ನ ಪರವಾಗಿ ಬಸವರಾಜನೇ ಒಪ್ಪಿಬಿಟ್ಟ. ಅಂದು ಸಂಜೆ ಎಂಜಿನ್ ಮೊದಲ ಸಲ ಕೆಮ್ಮಿ, ಬೀದಿಗೆಲ್ಲ ಹೊಗೆ ತುಂಬಿ ಎದ್ದಾಗ ನನಗೆ ಕಣ್ಣು ಒದ್ದೆಯಾಯಿತು. ಹೊಗೆಯಿಂದಲೇ ಎಂದು ಇವರಿಬ್ಬರ ವಾದ. ಆಫೀಸಿನಲ್ಲಿ ನಾನು ಸರಿಮಾಡುವ ಯಾವುದೂ ಹೀಗೆ ಕೈಕೆಳಗೆ ನಡುಗಿ ಜೀವ ತೋರಿಸಿದ್ದಿಲ್ಲ. ಇದನ್ನು ಗುಜರಿಗೆ ಕೊಡುವುದು ನನ್ನಿಂದಾಗದ ಮಾತಾಗಿತ್ತು.

ರೇಸಿನ ದಿನ ಹೊಲಕ್ಕೆ ಹೋಗಿ ನೋಡಿದರೆ ಓಟದ ಹಾದಿ ಇಂಗ್ಲಿಷಿನ 8ರ ಆಕಾರದಲ್ಲಿತ್ತು. ನಡುವೆ ಅದು ತನ್ನನ್ನು ತಾನೇ ಅಡ್ಡ ದಾಟುತ್ತಿತ್ತು. ಬಾವುಟ ಬಿತ್ತು. ಹೊರಟೆವು. ನನ್ನ ಯಂತ್ರ ನನಗೇ ಗಾಬರಿಯಾಗುವಷ್ಟು ಚೆನ್ನಾಗಿ ಓಡಿತು. ಇಬ್ಬರು ರೈತರನ್ನೂ ಹೆಲ್ಮೆಟ್ಟಿನ ಮೇಲೆ ಕೊಂಬು ಕಟ್ಟಿಕೊಂಡಿದ್ದ ಒಬ್ಬನನ್ನೂ ಹಿಂದೆ ಹಾಕಿದೆ. ಬೇಲಿಯಾಚೆ ಬಸವರಾಜ, "ಹೊಡಿಲೇ! ಬಿಡಬ್ಯಾಡ!" ಎಂದು ಕೂಗುತ್ತಿದ್ದ. ಹಾದಿ ಅಡ್ಡ ಸೇರುವ ಜಾಗಕ್ಕೆ ಬಂದಾಗ ಬಲಗಡೆಯಿಂದ ಒಬ್ಬ ಬರುತ್ತಿದ್ದ. ನಾನು ಬ್ರೇಕು ಹಾಕಿ ನಿಂತೆ.

ಯಾಕೆ ನಿಂತೆ ಎಂದು ನಕ್ಕವರೆಲ್ಲ ಕೇಳಿದರು. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವನನ್ನು ಈ ದೇಶದ ಲೈಸೆನ್ಸ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲು ಮಾಡಿದ್ದಾರೆ ಸ್ವಾಮಿ, ಬಲಗಡೆಯಿಂದ ಬರುವವರಿಗೆ ದಾರಿ ಬಿಡಲಿಲ್ಲವೆಂದು. ಆಮೇಲೆ ನಾನು ಈ ಪಾಠವನ್ನು ಎಷ್ಟು ಭಕ್ತಿಯಿಂದ ಕಲಿತೆನೆಂದರೆ, ಅಂಗಡಿಯಲ್ಲಿ ತಳ್ಳುಗಾಡಿ ತಳ್ಳುವಾಗಲೂ ಬಲಕ್ಕೆ ನೋಡಿ ನಿಲ್ಲುತ್ತೇನೆ. ಆದರೆ ರೇಸಿನಲ್ಲಿ ಬಲಗಡೆಯವರು ಮುಗಿಯುವುದೇ ಇಲ್ಲ. ಒಬ್ಬ ಹೋದ, ಇನ್ನೊಬ್ಬ ಬಂದ. ಕೊಂಬಿನವನು ಕೈಬೀಸಿ ಧನ್ಯವಾದ ಹೇಳಿಯೇ ಹೋದ. ನಿಂತಲ್ಲೇ ಎಂಜಿನ್ ಆರಿಹೋಯಿತು. ಗಾಬರಿಯಲ್ಲಿ ಚೋಕ್ ಎಳೆದೆಳೆದು ಅದಕ್ಕೆ ಉಸಿರುಕಟ್ಟುವಷ್ಟು ಪೆಟ್ರೋಲು ಕುಡಿಸಿಬಿಟ್ಟೆ. ಅದು ಮತ್ತೆ ಏಳುವ ಹೊತ್ತಿಗೆ ಬಹುಮಾನ ಹಂಚುತ್ತಿದ್ದರು.

ಶೈಲಾ ಬೇಲಿ ದಾಟಿ ಬಂದಳು. ನಾನು ಸೋಮವಾರದ ತೀರ್ಪಿಗೆ ತಲೆತಗ್ಗಿಸಿದೆ. "ಇಳೀರಿ" ಎಂದಳು. ಇಳಿದೆ. ಹತ್ತಿ ಕೂತಳು, ಖಾಲಿ ಹೊಲದಲ್ಲಿ ಪೂರ್ತಿ ಒಂದು ಸುತ್ತು ಹೊಡೆದಳು, ಅಡ್ಡಹಾದಿಯನ್ನು ಬಲಕ್ಕೂ ಎಡಕ್ಕೂ ನೋಡದೆ ದಾಟಿದಳು. ಕೆದರಿದ ಕೂದಲಲ್ಲಿ ಹಿಂದಿರುಗಿ, "ಯಂತ್ರದ್ದೇನೂ ತಪ್ಪಿಲ್ಲ ಕಣ್ರೀ. ಇರಲಿ ಶೆಡ್ಡಲ್ಲಿ" ಎಂದಳು.

ಯಂತ್ರ ಉಳಿಯಿತು. ಬದಲಾದದ್ದು ಸವಾರ. ಮುಂದಿನ ಓಟಕ್ಕೆ ಶೈಲಾಳ ಹೆಸರು ಕೊಟ್ಟಾಗಿದೆ. ಬಸವರಾಜ ನಾಚಿಕೆಯಿಲ್ಲದೆ ಅವಳ ಕಡೆ ಸೇರಿದ್ದಾನೆ. ಬೆಲ್ಟು ಬಿಗಿಯುವುದು, ಆಯಿಲ್ ನೋಡುವುದು, ಚಕ್ರದ ಮಣ್ಣು ಕೆರೆಯುವುದು ನನ್ನ ಪಾಲಿಗೆ ಬಂದಿವೆ. ಮೊನ್ನೆ ಭಾನುವಾರ ಧೈರ್ಯ ಮಾಡಿ, "ಒಂದು ಸುತ್ತು ನಾನೂ ಹಾಕಲೇನೇ?" ಎಂದು ಕೇಳಿದೆ. ಅವಳು ಕೀಲಿಯನ್ನು ಜೇಬಿಗೆ ಹಾಕಿಕೊಂಡು, "ಸೀಟು ಒರೆಸಿದ್ರಾ?" ಎಂದಳು.