ಹದಿನೇಳು ಲೋಪಗಳ ವಾಡೆ

ಏಪ್ರಿಲ್ ತಿಂಗಳ ಎರಡನೆಯ ರವಿವಾರ, ಬೆಳಿಗ್ಗೆ ಒಂಬತ್ತು ಗಂಟೆ ಐದು ನಿಮಿಷ. ಸ್ಥಳ, ಬಸವಕಲ್ಯಾಣದಲ್ಲಿ ಕೋಟೆಯ ಕಡೆಗೆ ಹೋಗುವ ಒಂದು ಗಲ್ಲಿಯ ಹಳೆಯ ವಾಡೆ. ಹಾಜರಿದ್ದವರು: ಮನೆ ಮಾರುವ ಮಾಣಿಕಪ್ಪ, ಅವರ ಹೆಂಡತಿ ಗುರುಬಾಯಿ, ದಲ್ಲಾಳಿ ಇಸ್ಮಾಯಿಲ್, ಮನೆ ಕೊಳ್ಳಲು ಬಂದ ನನ್ನ ಹೆಂಡತಿ ಶಾಂತಾ, ಮತ್ತು ಅವಳ ಜೊತೆಗೆ ನಾನು. ಈ ಕೊನೆಯ ಹಾಜರಿ ಇರದಿದ್ದರೆ ಆ ಮನೆ ಇವತ್ತು ನಮ್ಮದಾಗಿರುತ್ತಿತ್ತು.

ಏನು ಬರೆದರೂ ಹೀಗೆ ದಿನ, ವೇಳೆ, ಹಾಜರಿಯಿಂದ ಶುರು ಮಾಡುವುದು ನನಗೆ ಅಂಟಿದ ರೋಗ. ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದವನು ನಾನು. ಬಸ್ಸು ಬಂದ ವೇಳೆ, ಬಿಟ್ಟ ವೇಳೆ, ತಡವಾದರೆ ಯಾಕೆ ತಡ, ಇದನ್ನು ಬರೆಯುವುದರಲ್ಲೇ ನನ್ನ ಕೂದಲು ಬೆಳ್ಳಗಾದವು. ನನಗೆ ಕೆಲಸ ಕಲಿಸಿದ ಮೇಲಧಿಕಾರಿ ವಹಿಯ ಪ್ರತಿ ಪುಟದ ನಡುವೆ ಒಂದು ಗೆರೆ ಹೊಡೆಸುತ್ತಿದ್ದರು. ಎಡಕ್ಕೆ ಲೋಪ, ಬಲಕ್ಕೆ ಪರಿಹಾರ. ಬಲಗಡೆ ಖಾಲಿ ಬಿಟ್ಟವನ ಎಡಗಡೆಯನ್ನು ಅವರು ಓದುತ್ತಲೇ ಇರಲಿಲ್ಲ. ಅವರು ತೀರಿಹೋಗಿ ಬಹಳ ವರ್ಷಗಳಾದವು, ಆ ಗೆರೆ ಮಾತ್ರ ನನ್ನ ತಲೆಯ ನಡುವೆ ಹಾಗೇ ಉಳಿದಿದೆ. ಕನ್ಯೆ ನೋಡಲು ಹೋದ ದಿನ, ‘ಹುಡುಗಿ ಹ್ಯಾಂಗ ಅನಿಸಿದಳು?’ ಎಂದು ಮಾವನವರು ಕೇಳಿದಾಗ, ‘ನಿಮ್ಮ ಗೋಡೆ ಗಡಿಯಾರ ನಾಲ್ಕು ನಿಮಿಷ ಹಿಂದ ಅದರಿ’ ಎಂದವನು ನಾನು. ಹೇಳಿ ಸುಮ್ಮನಾಗಲಿಲ್ಲ, ಕುರ್ಚಿ ಹತ್ತಿ ಸರಿಪಡಿಸಿಯೇ ಇಳಿದೆ. ಶಾಂತಾ ಇದನ್ನು ಮದುವೆಮನೆಗಳಲ್ಲಿ ಹೇಳುತ್ತಾಳೆ. ಜನ ನಗುತ್ತಾರೆ. ಗಡಿಯಾರ ಸರಿಯಾಯಿತಲ್ಲ ಎಂದು ಯಾರೂ ಹೇಳುವುದಿಲ್ಲ.

ವರ್ಗಾವಣೆಯ ದೆಸೆಯಿಂದ ಅವಳು ಹನ್ನೊಂದು ಬಾಡಿಗೆ ಮನೆಗಳಲ್ಲಿ ಸಂಸಾರ ಮಾಡಿದ್ದಾಳೆ. ಹನ್ನೊಂದರಲ್ಲಿ ಒಂದಕ್ಕೂ ಅಂಗಳವಿರಲಿಲ್ಲ. ಸಂಡಿಗೆ ಒಣಹಾಕಲು ಮನೆಮಾಲಕರ ಹೆಂಡತಿಯ ಮುಖ ನೋಡಬೇಕು, ಹಾಡು ಗುನುಗಲು ಮಹಡಿಯವರು ಮಲಗಿದ್ದಾರೇನೋ ಎಂದು ಯೋಚಿಸಬೇಕು. ನಿವೃತ್ತಿಯ ಹಣ ಬಂದ ದಿನವೇ ಅವಳು ಹೇಳಿದ್ದಳು: ‘ನನಗ ಬಂಗಾರ ಬ್ಯಾಡ. ಆಕಾಶ ಕಾಣೋ ಒಂದು ಅಂಗಳ ಕೊಡಿಸ್ರಿ ಸಾಕು.’ ಹಾಗಿರುವಾಗ ಇಸ್ಮಾಯಿಲನ ಸಂದೇಶ ಫೋನಿಗೆ ಬಂತು. ‘ಪಟ್ಟಣದ ನಡುವೆ ಐತಿಹಾಸಿಕ ವಾಡೆ ಮಾರಾಟಕ್ಕಿದೆ. ನವೀಕರಣಕ್ಕೆ ಹೇರಳ ಅವಕಾಶ.’ ಜೊತೆಗೆ ಆರು ಫೋಟೋ. ನವೀಕರಣಕ್ಕೆ ಹೇರಳ ಅವಕಾಶ ಎಂದರೆ ಮಾಳಿಗೆ ಸೋರುತ್ತದೆ ಎಂದರ್ಥ, ಅಷ್ಟು ನನಗೂ ಗೊತ್ತು. ಆದರೆ ಐದನೆಯ ಫೋಟೋದಲ್ಲಿ ಅಂಗಳವಿತ್ತು. ಶಾಂತಾ ಅದನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

ಬಸ್ಸಿನಲ್ಲಿ ಹೋಗುವಾಗ ನಮ್ಮ ಯೋಜನೆ ತಯಾರಾಯಿತು. ನಾನು ಮನೆಯ ತಪ್ಪುಗಳನ್ನು ಹೇಳಬೇಕು, ಅವರು ಬೆಲೆ ಇಳಿಸಬೇಕು. ಶಾಂತಾ ಎರಡು ಸಲ ಎಚ್ಚರಿಸಿದಳು: ‘ತಪ್ಪು ಅಷ್ಟ ಹೇಳ್ರಿ. ಮತ್ತ ಉಪದೇಶಕ್ಕ ಕೂಡಬ್ಯಾಡ್ರಿ.’ ನಾನು ಒಪ್ಪಿದೆ. ಒಪ್ಪುವಾಗ ಜೇಬಿನ ವಹಿಯಲ್ಲಿ ಗೆರೆ ಹೊಡೆಯುತ್ತಿದ್ದೆ.

ವಾಡೆಯ ಬಾಗಿಲು ತಗ್ಗು. ಒಳಗೆ ಹೋಗುವಾಗ ನನ್ನ ಹಣೆ ಹೊಸ್ತಿಲ ಮೇಲಿನ ತೊಲೆಗೆ ಬಡಿಯಿತು. ‘ಪಹಿಲೇ ಸಲ ಬಂದವರೆಲ್ಲಾ ಸಲಾಮ್ ಹೊಡದೇ ಒಳಗ ಬರಬೇಕ್ರಿ, ವಾಡೇದ ಖಾನದಾನಿ ರಿವಾಜು’ ಎಂದ ಇಸ್ಮಾಯಿಲ್. ನಾನು ಹಣೆ ಉಜ್ಜಿಕೊಳ್ಳುತ್ತ ಲೋಪ ಒಂದು ಎಂದು ಬರೆದುಕೊಂಡೆ. ಒಳಗೆ ಸಾಗವಾನಿ ಕಂಬಗಳ ಪಡಸಾಲೆ, ಮೂರು ಮೊಳ ದಪ್ಪದ ಕಲ್ಲಿನ ಗೋಡೆ, ನಡುವೆ ಹಾಸುಗಲ್ಲಿನ ಅಂಗಳ, ಅದರ ಮೇಲೆ ಚೌಕಾಕಾರದ ನೀಲಿ ಆಕಾಶ. ಶಾಂತಾ ಅಂಗಳದ ನಡುವೆ ನಿಂತು ತಲೆ ಎತ್ತಿದವಳು ಇಳಿಸಲೇ ಇಲ್ಲ. ಬೆಲೆ ಇಳಿಸಬೇಕಾದವರು ಹೀಗೆ ನಿಲ್ಲಬಾರದು.

ಮಾಣಿಕಪ್ಪ ಬೇಸತ್ತ ಮನುಷ್ಯ. ಮಾತಿಗೊಮ್ಮೆ ‘ಯಾರ ಕೈಲಾಗ್ತದರಿ ಇದು’ ಎನ್ನುತ್ತಿದ್ದರು. ಪ್ರತಿ ಮಳೆಗಾಲ ಅಡಿಗೆಮನೆಯಲ್ಲಿ ಪಾತ್ರೆಗಳಿಗಿಂತ ಹೆಚ್ಚು ಬಕೆಟ್ ಇಡಬೇಕಂತೆ. ಬಸ್ ನಿಲ್ದಾಣದ ಹತ್ತಿರ ಹೊಸ ಎರಡು ಕೋಣೆಯ ಮನೆ ನೋಡಿಟ್ಟಿದ್ದರು. ಗುರುಬಾಯಿ ಚಹಾ ತಂದಿಟ್ಟು, ಒಂದು ಕಂಬಕ್ಕೆ ಒರಗಿ ನಿಂತರು.

ನಾನು ಒಂದೂವರೆ ಗಂಟೆ ಮನೆ ಸುತ್ತಿದೆ. ಏಣಿ ಹಾಕಿ ಮಣ್ಣಿನ ಮಾಳಿಗೆ ಹತ್ತಿದೆ, ತೊಲೆಗಳನ್ನು ಬೆರಳಿನಿಂದ ಬಡಿದೆ, ಬಚ್ಚಲ ನೀರು ಎಲ್ಲಿ ಹೋಗುತ್ತದೆ ಎಂದು ಚೊಂಬು ನೀರು ಸುರಿದು ಅದರ ಹಿಂದೆ ನಡೆದೆ. ಬಂದು ಪಡಸಾಲೆಯಲ್ಲಿ ಕುಳಿತು, ಕನ್ನಡಕ ಹಾಕಿಕೊಂಡು, ಹದಿನೇಳು ಲೋಪ ಎಂದು ಘೋಷಿಸಿದೆ. ಮಾಣಿಕಪ್ಪನವರ ಮುಖ ಸಣ್ಣದಾಯಿತು. ಯೋಜನೆ ಸರಿಯಾಗಿ ನಡೆದಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು.

‘ಹದಿನೇಳೂ ಒಮ್ಮೆಗೇ ಹಿಡಿಯೋ ಹಂಗಿಲ್ರಿ. ಮೊದಲು ಮಾಳಿಗೆ. ಈಶಾನ್ಯ ಮೂಲ್ಯಾಗ ಮಣ್ಣು ತೆಳ್ಳಗಾಗ್ಯಾದ, ಮಳಿ ಬರೋದ್ರೊಳಗ ಎರಡು ಟ್ರಾಲಿ ಹಳೇ ಗ್ವಾಡಿ ಹಾಳುಮಣ್ಣು ಹಾಕಿ ಬಡಿಸಿದ್ರ ಸೋರೋದು ಮುಕ್ಕಾಲು ನಿಂತು ಹೋಗ್ತದ. ಎರಡನೇದು, ನೀರು ಬೀಳೋ ದೋಣಿ. ಅದರಾಗ ಗುಬ್ಬಿ ಗೂಡು ಕಟ್ಟ್ಯಾವ, ಬ್ಯಾರೆ ಏನೂ ಆಗಿಲ್ಲ.’

ಶಾಂತಾ ನನ್ನ ಕಾಲು ತುಳಿದಳು. ನಾನು ಅದನ್ನು ಅಡಚಣೆ ಎಂದು ಭಾವಿಸಿ ಕಾಲು ಸರಿಸಿದೆ. ‘ಮೂರನೇದು, ಅಡಿಗಿಮನಿ ತೊಲಿ. ಗೆದ್ದಲ ತುದಿಗಷ್ಟ ಹತ್ಯಾದ, ಒಳಗ ಗಟ್ಟಿ ಅದ. ಇಡೀ ತೊಲಿ ತೆಗಿಯೋದು ಬ್ಯಾಡ, ಕೆಳಗ ಒಂದು ಕಂಬ ಕೊಡ್ರಿ.’

‘ಹೋದ ವರ್ಷ ಕರಸಿದ ಗೌಂಡಿ ಪೂರಾ ಮಾಳಗಿ ಬಿಚ್ಚಿ ಕಟ್ಟಬೇಕು ಅಂದಿದ್ದ’ ಎಂದರು ಮಾಣಿಕಪ್ಪ.

‘ಅವಗ ಕೆಲಸ ಬೇಕಾಗಿತ್ತು, ಬಿಚ್ಚಬೇಕು ಅಂದಾನ’ ಎಂದೆ. ಮೇಲಧಿಕಾರಿಗಳು ಬದುಕಿದ್ದರೆ ಬೆನ್ನು ಚಪ್ಪರಿಸುತ್ತಿದ್ದರು. ಹದಿನೇಳರವರೆಗೆ ಓದಿದೆ, ಹದಿನೇಳಕ್ಕೂ ಬಲಗಡೆ ಭರ್ತಿ. ಯಾವುದನ್ನು ಯಾವ ತಿಂಗಳು ಮಾಡಬೇಕು ಎಂದೂ ಬರೆದಿದ್ದೆ. ಓದಿ ಮುಗಿಸಿ ಕನ್ನಡಕ ತೆಗೆದೆ. ಇಸ್ಮಾಯಿಲ್ ನನ್ನನ್ನು ನೋಡಿದ ರೀತಿಯಲ್ಲಿ ಡ್ರೈವರುಗಳು ಎಷ್ಟೋ ಸಲ ನೋಡಿದ್ದಾರೆ.

ಕಂಬಕ್ಕೆ ಒರಗಿದ್ದ ಗುರುಬಾಯಿ ಆಗ ಮೊದಲ ಸಲ ಬಾಯಿ ತೆರೆದರು. ಗಂಡನಿಗೆ ಹೇಳಿದರು: ‘ಕೇಳಿದ್ರಿಲ್ಲ? ಎಲ್ಲಿಂದ ಸುರು ಮಾಡಬೇಕು ಗೊತ್ತಾಗಲ್ಲ, ಎಲ್ಲಿಂದ ಸುರು ಮಾಡಬೇಕು ಗೊತ್ತಾಗಲ್ಲ ಅಂತ ಕುಂತ್ರಿ. ಇವರು ಒಂದನೇ ನಂಬರು ಹಾಕಿ ಕೊಟ್ಟಾರ.’ ನನ್ನ ಕಡೆ ತಿರುಗಿ, ‘ಅಣ್ಣಾರ, ನಾ ಈ ಮನಿಗಿ ಬಂದಾಗ ಹದಿನಾರು ವರ್ಷದಾಕಿ. ಬಿಡಾಕ ಮನಸ್ಸಿರಲಿಲ್ರಿ. ಆ ಹಾಳಿ ನಮಗ ಕೊಡ್ತೀರೇನ್ರಿ?’

ಮಾಣಿಕಪ್ಪ ನೆಲ ನೋಡಿದರು, ತೊಲೆ ನೋಡಿದರು. ‘ಎರಡು ಟ್ರಾಲಿ ಅಂದ್ರಿಲ್ಲ? ಅಷ್ಟ ಆದ್ರ ಆಗ್ತದರಿ’ ಎಂದರು. ಬೇಸತ್ತ ಮುಖದಲ್ಲಿ ಬಣ್ಣ ಬಂದಿತ್ತು. ‘ಮೊದಲು ಮಳಿಗಾಲ ನೋಡ್ತೀವ್ರಿ ಸಾಹೇಬ್ರ. ಮಾರೋ ಮಾತು ಸದ್ಯಕ್ಕ ಬ್ಯಾಡ.’

‘ಸಾಹೇಬ್ರ, ಇಪ್ಪತ್ತು ವರ್ಷದಾಗ ಗಿರಾಕಿ ಓಡಿ ಹೋಗೋದು ನೋಡೀನಿ. ಮನೀನೇ ಓಡಿಸಿದ ಗಿರಾಕಿ ನೀವೇ ಪಹಿಲೇ’ ಎಂದು ಇಸ್ಮಾಯಿಲ್ ಟೋಪಿ ತೆಗೆದು ಗಾಳಿ ಹಾಕಿಕೊಂಡ.

ಕೊಡುವುದಿಲ್ಲ ಎನ್ನಬಹುದಿತ್ತು. ನಾನು ಹಾಳೆಯನ್ನು ನೀಟಾಗಿ ಹರಿದು, ನನ್ನ ಅವಸರದ ಅಕ್ಷರ ಅವರಿಗೆ ತಿಳಿಯಲಿಕ್ಕಿಲ್ಲವೆಂದು ಇನ್ನೊಂದು ಹಾಳೆಯ ಮೇಲೆ ದುಂಡಗೆ ಶುದ್ಧಪ್ರತಿ ಮಾಡಿಕೊಟ್ಟೆ. ನಿಜ ಹೇಳುತ್ತೇನೆ, ಬರೆಯುವಾಗ ಖುಷಿಯಾಯಿತು. ನನ್ನ ಇಡೀ ನೌಕರಿಯಲ್ಲಿ ಬಲಗಡೆಯ ಅಂಕಣವನ್ನು ಯಾರೂ ಹಾಗೆ ಕೈಚಾಚಿ ಕೇಳಿರಲಿಲ್ಲ. ಗುರುಬಾಯಿ ಶಾಂತಾಳಿಗೆ ಕುಂಕುಮ ಹಚ್ಚಿ, ‘ಅಕ್ಕಾರ, ಯಾವಾಗರ ಬಂದು ಅಂಗಳದಾಗ ಕೂಡ್ರಿ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದರಿಂದ ಶಾಂತಾಳ ಕಣ್ಣು ಇನ್ನಷ್ಟು ತುಂಬಿತು.

ವಾಪಸು ಬರುವ ಬಸ್ಸು ಸಸ್ತಾಪುರ ಬಂಗ್ಲಾ ಸ್ಟಾಪು ದಾಟುವವರೆಗೆ ಅವಳು ಕಿಟಕಿಯ ಕಡೆ ಮುಖ ಮಾಡಿದ್ದಳು. ಆಮೇಲೆ ಮೆಲ್ಲಗೆ, ‘ಆ ಪಡಸಾಲ್ಯಾಗ ನಾ ಜೋಕಾಲಿ ಕಟ್ಟಿದ್ದೆ’ ಎಂದಳು.

‘ಯಾವಾಗ?’

‘ನೀವು ಮಾಳಗಿ ಮ್ಯಾಲಿದ್ದಾಗ. ಮನಸ್ಸಿನಾಗ.’

ಇದಕ್ಕೆ ಬಲಗಡೆ ಏನು ಬರೆಯಬೇಕೋ ನನಗೆ ತಿಳಿಯಲಿಲ್ಲ. ಅವಳ ಕೈಚೀಲವನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ, ಅಷ್ಟೇ.

ಸಂಜೆ ಇಸ್ಮಾಯಿಲ್ ಫೋನ್ ಮಾಡಿದ. ನನಗಲ್ಲ, ಶಾಂತಾಳಿಗೆ. ಹುಲಸೂರಿನಲ್ಲಿ ಇನ್ನೊಂದು ಹಳೆಯ ಮನೆ ಇದೆ, ಅಂಗಳವೂ ಇದೆ, ಆದರೆ ಒಂದು ಷರತ್ತಿನ ಮೇಲೆ ತೋರಿಸುತ್ತೇನೆ ಎಂದನಂತೆ. ಊಟವಾದ ಮೇಲೆ ಶಾಂತಾ ಆ ಷರತ್ತನ್ನು ಕ್ಯಾಲೆಂಡರಿನ ಹಿಂಬದಿಗೆ ಬರೆದು ನನ್ನ ಮುಂದಿಟ್ಟಳು: ‘ಮನೆ ನಮ್ಮ ಹೆಸರಿಗೆ ಆಗುವವರೆಗೆ ನಾನು ಬಾಯಿ ತೆರೆಯುವುದಿಲ್ಲ, ವಹಿ ಒಯ್ಯುವುದಿಲ್ಲ.’ ಪೆನ್ನನ್ನೂ ಅವಳೇ ಕೊಟ್ಟಳು. ಆ ಬರಹದಲ್ಲಿ ತಾರೀಖಿರಲಿಲ್ಲ, ವೇಳೆ ಇರಲಿಲ್ಲ, ಸಾಕ್ಷಿಯ ಸಹಿಗೆ ಜಾಗವೂ ಇರಲಿಲ್ಲ. ಒಟ್ಟು ಮೂರು ಲೋಪ. ರಾತ್ರಿ ಎಂಟು ಗಂಟೆ ನಲವತ್ತು ನಿಮಿಷಕ್ಕೆ, ಒಂದನ್ನೂ ಹೇಳದೆ, ಸಹಿ ಹಾಕಿದೆ.