ಚುಕ್ಕೆ ಕುದುರೆಯ ವೀರ

ಪ್ರಾಸ ಕೂಡಲಿಲ್ಲವೆಂದು ಜೊರ್ದಾ ತನ್ನ ಕತೆಯ ವೀರನ ಬಿಳಿ ಕುದುರೆಗೆ ಕಪ್ಪು ಚುಕ್ಕೆ ಹಾಕಿದ. ಶನಿ ಅವನ ಹೆಗಲೇರಿದ್ದು ಅಲ್ಲಿಂದಲೇ.

ಪ್ರೊವೆನ್ಸ್ ನಾಡಿನಲ್ಲಿ ಕೋಟೆಯಿಂದ ಕೋಟೆಗೆ ಪಿಟೀಲು ಹೊತ್ತು ತಿರುಗಿ ಹಳೆಯ ವೀರರ ಪ್ರೇಮಕತೆ ಹಾಡುವುದು ಅವನ ಕಸುಬು. ಹೊರಗೆ ಹಿಮ ಸುರಿಯುತ್ತಿತ್ತು. ಹಾಡು ಈ ಕೋಟೆಯ ಧಣಿ ಉಗೋನಿಗೆ ಹಿಡಿಸಿದರೆ ಚಳಿಗಾಲವೆಲ್ಲ ಒಲೆಯ ಪಕ್ಕ ಜಾಗ, ಇಲ್ಲದಿದ್ದರೆ ತೋಳಗಳ ಪಕ್ಕ. ಅದಕ್ಕೇ ಕಸುಬಿನ ವಾಡಿಕೆಯಂತೆ, ಕತೆಯ ರಾಣಿಗೆ ಈ ಮನೆಯೊಡತಿ ಅಲಜಾಯಿಸಳ ಹಸಿರು ಕಣ್ಣನ್ನೂ ಗಲ್ಲದ ಮಚ್ಚೆಯನ್ನೂ ಧಾರಾಳವಾಗಿ ದಾನ ಮಾಡಿದ್ದ. ಇಂಥ ಕತೆಗಳಲ್ಲಿ ವೀರ ಪ್ರೀತಿಸುವುದು ಯಾವಾಗಲೂ ಇನ್ನೊಬ್ಬನ ಹೆಂಡತಿಯನ್ನೇ. ಅದಕ್ಕೆ ಯಾರೂ ಬೇಸರಪಡುವುದಿಲ್ಲ.

ಆದರೆ ಚುಕ್ಕೆ ಕುದುರೆ ಬಂದದ್ದೇ ತಡ, ಉಗೋನ ಮುಖ ಕೆಂಪಾಯಿತು. ಕೈ ಮಾಂಸ ಕೊಯ್ಯುವ ಚೂರಿಯತ್ತ ಹೋಯಿತು.

ಪಾರುಪತ್ಯಗಾರ ಪೊನ್ಸ್ ಕೋಟೆಗೆ ಹೊಸಬನಾದರೂ ಎಲ್ಲರ ಗುಟ್ಟು ಬಲ್ಲವನೆಂದು ಮೆರೆಯುವವನು. ದ್ರಾಕ್ಷಾರಸ ಬಗ್ಗಿಸುವ ನೆಪದಲ್ಲಿ ಬಂದು ಪಿಸುಗುಟ್ಟಿದ: "ಏನಯ್ಯಾ, ಸಾಯೋ ಆಸೇನಾ? ಧಣಿಗಳ ಪಕ್ಕ ನಿಂತಿರೋ ಬಂಟ ಗಿಲೆಮ್ ಏರೋದು ಅಂಥದ್ದೇ ಕುದುರೆ. ಅಮ್ಮಾವ್ರಿಗೂ ಅವ್ನಿಗೂ ಏನೋ ಐತೆ ಅಂತ ಊರೆಲ್ಲ ಆಡ್ಕೊಳ್ತದೆ!"

ಕತೆಯ ವೀರ ಆಗಲೇ ಹಗ್ಗ ಹಿಡಿದು ರಾಣಿಯ ಕಿಟಕಿ ಹತ್ತುತ್ತಿದ್ದ. ಹಾಡು ನಿಲ್ಲಿಸುವಂತಿಲ್ಲ. ಜೊರ್ದಾ ಹಗ್ಗವನ್ನೇ ಕಿತ್ತುಹಾಕಿದ. ಅಲ್ಲಿಯವರೆಗೆ ಪೆದ್ದನಾಗಿದ್ದ ಗಂಡ ಒಮ್ಮೆಲೇ ಶೂರನಾಗಿ ಬಂದು ವೀರನ ತಲೆ ಕಡಿದ. ರಾಣಿ ಗಂಡನ ಕಾಲಿಗೆ ಬಿದ್ದಳು. ಅಷ್ಟೂ ಸಾಲದೆಂದು ಜೊರ್ದಾ ಕುದುರೆಯನ್ನೂ ಕೊಲ್ಲಿಸಿದ.

ಉಗೋ ಚೂರಿ ಹಿಡಿದೇ ಎದ್ದ. ಅವನ ಕಣ್ಣಲ್ಲಿ ನೀರು.

"ಲೇ, ಆ ಹಗ್ಗ ಕಿತ್ತೋಗ್ಲಿಲ್ಲ ಕಣೋ! ಇವಳ ಕಿಟಕಿ ಹತ್ತಿದೋನು ನಾನು. ಇವಳ ಮೊದಲ್ನೇ ಗಂಡ, ಆ ಮುದಿ ಕೋಣ, ಗೊರಕೆ ಹೊಡೀತಿದ್ದ. ಈಗ ಗಿಲೆಮ್‌ಗೆ ಕೊಟ್ಟಿದೀನಲ್ಲ ಆ ಚುಕ್ಕೆ ಕುದುರೆ, ಅದು ಆಗ ನಂದು! ನನ್ನ ಮನೇಲೇ ಕೂತು ನನ್ನನ್ನೇ ಕೊಲ್ತೀಯಾ?"

"ಮುಗಿದಿಲ್ಲ ಧಣಿ!" ಜೊರ್ದಾ ಕಿರುಚಿದ. "ಅದು ರಾಣಿ ಕಂಡ ಕೆಟ್ಟ ಕನಸು!"

ಪಿಟೀಲಿನ ತಂತಿ ಹರಿಯುವಂತೆ ಬಾರಿಸಿದ. ವೀರ ಕಿಟಕಿ ಹತ್ತಿದ. ಗಂಡ ಮೆಟ್ಟಿಲಲ್ಲಿ ಜಾರಿ ಸತ್ತ. ಯಾರೂ ಅಳಲಿಲ್ಲ. ಮದುವೆಯೂ ಆಗಿಹೋಯಿತು.

"ಭೇಷ್!" ಉಗೋ ಚೂರಿ ಕೆಳಗಿಟ್ಟ. "ಚಳಿಗಾಲ ಮುಗಿಯೋವರೆಗೂ ಇಲ್ಲೇ ಇರು."

ಬದುಕಿದೆಯಾ ಬಡಜೀವವೇ ಎಂದು ಜೊರ್ದಾ ಒಲೆಯ ಕಡೆ ಸರಿದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅಲಜಾಯಿಸ್.

"ಎಷ್ಟು ಚೆಂದ! ಗಿಲೆಮ್, ಈ ಹಾಡು ದಿನಾ ಹಾಡಿಸೋಣ. ನಿಂಗೂ ಬಾಯಿಪಾಠ ಆಗ್ಲಿ."

ಉಗೋ ಹೆಂಡತಿಯನ್ನು ನೋಡಿದ, ಗಿಲೆಮ್‌ನನ್ನು ನೋಡಿದ, ಕಲ್ಲಿನ ಮೆಟ್ಟಿಲನ್ನೂ ನೋಡಿದ. ಮತ್ತೆ ಮೆಲ್ಲಗೆ ಚೂರಿ ಎತ್ತಿಕೊಂಡ.

"ಹಾಡುಗಾರ, ಒಂದು ಮಾತು ಹೇಳು. ಚುಕ್ಕೆ ಕುದುರೆ ಈಗ ಗಿಲೆಮ್‌ದು. ಹಂಗಾದ್ರೆ ಈ ಮನೇಲಿ ಗಂಡ ಯಾರು?"

ಜೊರ್ದಾ ಪಿಟೀಲು ಅವುಚಿಕೊಂಡು ಹಿಮದ ಕಡೆಯ ಬಾಗಿಲು ಎಲ್ಲಿದೆ ಎಂದು ಹುಡುಕತೊಡಗಿದ.