ಇನ್ನೂರಿಪ್ಪತ್ತರಲ್ಲಿ ಕಳೆದದ್ದು

ಆ ಭಾನುವಾರ ಬೆಳಗ್ಗೆ ನೆರೆಮನೆಯ ನಿಂಬಾಳ್ಕರ್ ಮಾಸ್ತರರ ಕೈಗಡಿಯಾರವನ್ನು ಗಜಾನನ ಮ್ಹೇತ್ರೆಯವರು ಬೇಡ ಎಂದಿದ್ದರೆ ಸಾಕಿತ್ತು. ಅದು ಎದೆಬಡಿತ ಎಣಿಸುವ ಗಡಿಯಾರ. ಗಣಿತ ಕಲಿಸಿ ನಿವೃತ್ತರಾದ ಮಾಸ್ತರರು ತಾವೇ ಅದನ್ನು ಮ್ಹೇತ್ರೆಯವರ ಮಣಿಕಟ್ಟಿಗೆ ಬಿಗಿದರು.

"ಇನ್ನೂರಿಪ್ಪತ್ತರಾಗ ನಿಮ್ಮ ವಯಸ್ಸು ಕಳೀರಿ. ಐವತ್ತೊಂಬತ್ತು ಹೋದ್ರ ನೂರಾ ಅರವತ್ತೊಂದು. ಎದಿ ನಿಮಿಷಕ್ಕ ಅದಕ್ಕಿಂತ ಒಂದು ಹೆಚ್ಚು ಬಡಿದ್ರೂ ಮುಗೀತು!"

"ಮುಗೀತು ಅಂದ್ರ?" ಎಂದಳು ಹೆಂಡತಿ ಇಂದುಮತಿ.

ಮಾಸ್ತರರು ಬೆರಳೆತ್ತಿ ಆಕಾಶ ತೋರಿಸಿದರು.

ಕೊಲ್ಹಾಪುರದ ರಂಕಾಳಾ ಕೆರೆಯ ಸುತ್ತ ಅಂದು ಐವತ್ತೈದು ದಾಟಿದವರ ಓಟ. ಮ್ಹೇತ್ರೆಯವರು ಬದುಕಿನಲ್ಲಿ ಯಾವುದರಲ್ಲೂ ಮೊದಲು ಬಂದವರಲ್ಲ. ಕಚೇರಿಯ ಬಡ್ತಿಯಲ್ಲಂತೂ ಕಿರಿಯರೆಲ್ಲ ಅವರನ್ನು ದಾಟಿಹೋಗಿದ್ದರು. ಅದಕ್ಕೇ ಮೂರು ತಿಂಗಳಿಂದ ಯಾರಿಗೂ ಹೇಳದೆ ಓಡಿ ಓಡಿ ಪಳಗಿದ್ದರು.

ಕೊನೆಯ ತಿರುವಿನಲ್ಲಿ ಅವರೇ ಮುಂದಿದ್ದರು! ಹಿಂದಿನವನು ಇಪ್ಪತ್ತು ಹೆಜ್ಜೆ ದೂರ. ಅಷ್ಟರಲ್ಲಿ ಮಗ್ಗುಲಿಗೇ ಮಾಸ್ತರರ ಸ್ಕೂಟರ್ ಬಂತು. ಹಿಂದಿನ ಸೀಟಿನಲ್ಲಿ ಇಂದುಮತಿ.

"ಎಷ್ಟೈತ್ರಿ?"

"ನೂರಾ... ಅರವತ್ತೈದು!"

"ನಾಕು ಹೆಚ್ಚಾತು! ನಿಲ್ಲ್ರಿ!"

"ರೀ, ಕೈ ಮುಗೀತೀನಿ, ನಿಲ್ಲ್ರಿ!" ಎಂದು ಇಂದುಮತಿ ಗೋಳಿಟ್ಟಳು. ಅದನ್ನು ಕೇಳಿ ಇಬ್ಬರು ಸ್ವಯಂಸೇವಕರು ಸ್ಟ್ರೆಚರ್ ಹಿಡಿದು, ತಪ್ಪಿಸಿಕೊಂಡ ಕೋಣವನ್ನು ಅಟ್ಟುವವರಂತೆ ಬೆನ್ನುಹತ್ತಿದರು.

ಮ್ಹೇತ್ರೆಯವರಿಗೆ ಸಾವಿನ ಭಯವಿರಲಿಲ್ಲ. ಈ ಜನ ಹಿಡಿದು ಮಲಗಿಸಿಬಿಟ್ಟರೆ ಎಂಬುದೇ ಭಯ. ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದರು:

"ನನಗ ಐವತ್ತೊಂಬತ್ತಲ್ಲ, ಐವತ್ನಾಕು! ಸಾಲಿಗೆ ಹಾಕೋವಾಗ ನಮ್ಮಪ್ಪ ಐದು ವರ್ಷ ಹೆಚ್ಚು ಬರೆಸಿದ್ದ!"

ಮಾಸ್ತರರ ಬಾಯಿ ಲೆಕ್ಕ ಕಣ್ಣು ಮಿಟುಕಿಸುವುದರಲ್ಲಿ ಮುಗಿಯಿತು. "ಹಂಗಾದ್ರ ನೂರಾ ಅರವತ್ತಾರು! ಇನ್ನೂ ಒಂದು ಉಳದೈತಿ, ಓಡ್ರಿ!"

ಸ್ಟ್ರೆಚರ್ ಹಿಂದೆ ಉಳಿಯಿತು. ಮ್ಹೇತ್ರೆಯವರು ಗುರಿಯಲ್ಲಿ ಕಟ್ಟಿದ್ದ ದಾರವನ್ನು ಎದೆಯಿಂದ ಹರಿದರು. ಜನ ಅವರ ಹೆಸರು ಹಿಡಿದು ಕೂಗಿದರು. ಕಣ್ಣು ತುಂಬಿ ಬಂತು.

ಬಹುಮಾನದ ಮೇಜಿನ ಬಳಿ ಓಟ ನಡೆಸಿದ ಸಂಘದ ಕಾರ್ಯದರ್ಶಿ ಸಾಳೋಖೆ ಕಪ್ಪಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ಮ್ಹೇತ್ರೆ ಸಾಹೇಬ್ರ, ಐವತ್ನಾಕು ಅಂತ ನೀವ ಕೂಗಿದ್ರಿ. ಇದು ಐವತ್ತೈದು ದಾಟಿದವ್ರ ಓಟ."

"ಅಯ್ಯೋ, ಅದು ಸುಳ್ಳು! ನನ್ನ ಸಾಲಿ ದಾಖಲೆ ನೋಡ್ರಿ!"

"ದಾಖಲೆನ ಸುಳ್ಳು ಅಂತ ಇಡೀ ಕೆರೀಗೆ ಕೇಳೋಹಂಗ ಹೇಳೀರಲ್ಲ!"

ಕಪ್ಪು ಎರಡನೆಯವನ ಕೈಸೇರಿತು. ಹತ್ತಿರದ ಡೇರೆಯಲ್ಲಿದ್ದ ಡಾಕ್ಟರಮ್ಮ ನಾಡಿ ಹಿಡಿದು, ನಡೆದದ್ದನ್ನೆಲ್ಲ ಕೇಳಿ ನಿಟ್ಟುಸಿರಿಟ್ಟರು.

"ಕಾಕಾ, ಆ ಲೆಕ್ಕ ಬರೇ ಸರಾಸರಿ. ಆರೋಗ್ಯವಂತ್ರಿಗೂ ಹತ್ತು ಹನ್ನೆರಡು ಹಿಂದ ಮುಂದ ಇರತೈತಿ. ನಿಮಗ ಐವತ್ತೊಂಬತ್ತಿದ್ರೂ ನೂರಾ ಅರವತ್ತೈದು ಏನೂ ಅಲ್ಲ. ಸುಮ್ನ ಓಡಿದ್ರ ಆಗ್ತಿತ್ತು."

ಸುಮ್ಮನೆ ಓಡಿದ್ದರೆ ಆಗುತ್ತಿತ್ತು. ಮ್ಹೇತ್ರೆಯವರು ಗಡಿಯಾರ ಬಿಚ್ಚಿ ಮಾಸ್ತರರಿಗೆ ಕೊಟ್ಟು, ಹೆಂಡತಿಯತ್ತ ತಿರುಗಿದರು. ಅವಳೊಬ್ಬಳಾದರೂ ಸಮಾಧಾನದ ಮಾತಾಡಿಯಾಳು.

ಇಂದುಮತಿಯ ಮುಖ ಗಡಿಗೆಯಂತೆ ಊದಿತ್ತು.

"ನನಗ ಐವತ್ತಾರು. ನಿಮಗಿಂತ ಎರಡು ವರ್ಷ ದೊಡ್ಡಾಕಿ ನಾನು! ಮೂವತ್ತೊಂದು ವರ್ಷ ಒಂದ ಮನ್ಯಾಗಿದ್ದು, ನನಗೂ ಹೇಳಲಿಲ್ಲಲ್ಲ!"

"ಇಂದೂ, ಅದು ಸುಳ್ಳು..."

ಆಕೆ ಮಾಸ್ತರರ ಸ್ಕೂಟರ್ ಹತ್ತಿಬಿಟ್ಟಿದ್ದಳು.